ಶೇ 6 ಕೊಡುವ ಬೊಂಡೋರಾ, ಶೇ 11 ತೋರಿಸಿದ ಅಡಮಾನ ಸಾಲ: ನಾನು ದುಡ್ಡು ಹಾಕಿ ನೋಡಿದ ನಾಲ್ಕು ಪಿ2ಪಿ ಪ್ಲಾಟ್‌ಫಾರ್ಮ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಬೊಂಡೋರಾ ಅನ್ನುವ ಕಂಪನಿಯ 'ಗೋ ಆ್ಯಂಡ್ ಗ್ರೋ' ಹೂಡಿಕೆ ಖಾತೆ. ನಾಲ್ಕರಲ್ಲಿ ಬಡ್ಡಿ ಕಡಿಮೆ ಇರುವುದು ಅದರದ್ದೇ. ಆದರೂ ನನ್ನ ದುಡ್ಡಿನ ದೊಡ್ಡ ಪಾಲು ಇವತ್ತು ಅಲ್ಲೇ ಇದೆ. ಅದಕ್ಕೆ ಕಾರಣ 2023ರ ಅಕ್ಟೋಬರ್.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಮ್ಮ ಅರಸೀಕೆರೆಯಲ್ಲಿ. ಅಮ್ಮನಿಗೆ ಒಂದು ಮಂಡಿ ಆಪರೇಷನ್ ಅಂತ ಬ್ಯಾಂಕಿನಲ್ಲಿ ದುಡ್ಡು ಎತ್ತಿಟ್ಟಿದ್ದೆವು. ಡಾಕ್ಟರು ನೋಡಿ, ಎರಡೂ ಒಟ್ಟಿಗೆ ಮಾಡಿಸುವುದೇ ಒಳ್ಳೆಯದು ಅಂದರು. ಇನ್ನೂ 2,400 ಯೂರೊ ಬೇಕಾಯಿತು, ಅದೂ ಹತ್ತು ದಿನದೊಳಗೆ. ಅವತ್ತು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕೂ ಪ್ಲಾಟ್‌ಫಾರ್ಮ್‌ಗಳ ನನ್ನ ಖಾತೆ ತೆಗೆದು ನೋಡಿದೆ. ಎಲ್ಲಿ ಎಷ್ಟು ಬಡ್ಡಿ ಅನ್ನುವುದು ಆ ಹೊತ್ತಿಗೆ ಲೆಕ್ಕಕ್ಕೇ ಬರಲಿಲ್ಲ. ನನ್ನ ದುಡ್ಡು ನನಗೆ ಯಾವಾಗ ಸಿಗುತ್ತದೆ, ಅಷ್ಟೇ ಬೇಕಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಪಿ2ಪಿ, ಅಂದರೆ ಪೀರ್ ಟು ಪೀರ್ ಸಾಲ, ಊರಲ್ಲಿ ಕೈಸಾಲ ಕೊಟ್ಟ ಹಾಗೆಯೇ, ಆದರೆ ಸಾಲ ತೆಗೆದುಕೊಂಡವರ ಮುಖ ನಾವು ನೋಡಿರುವುದಿಲ್ಲ. ನಡುವೆ ಒಂದು ಕಂಪನಿ ಇರುತ್ತದೆ. 2005ರಲ್ಲಿ ಬ್ರಿಟನ್ನಿನ ಜೋಪಾ ಇದನ್ನು ಶುರು ಮಾಡಿತು. ಅದೇ ಜೋಪಾ 2021ರ ಡಿಸೆಂಬರ್‌ನಲ್ಲಿ ಈ ವ್ಯವಹಾರವನ್ನು ಮುಚ್ಚಿ, ಬ್ಯಾಂಕ್ ಆಗಿ ಮುಂದುವರಿಯಿತು. ಈಗ ಯುರೋಪಿನಲ್ಲಿ ಇಂಥ ಹಲವು ಕಂಪನಿಗಳ ಬೇರು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿದೆ.

ನನಗೆ ಪೆಟ್ಟು ಕೊಟ್ಟ ಪ್ಲಾಟ್‌ಫಾರ್ಮ್‌ನ ಹೆಸರು ಬರೆಯುವುದಿಲ್ಲ. ಅದು ಕಟ್ಟಡ ಕಟ್ಟುವವರಿಗೆ ಆಸ್ತಿ ಅಡಮಾನದ ಮೇಲೆ ಸಾಲ ಕೊಡುವಂಥದ್ದು. 2022ರ ಶುರುವಿನಲ್ಲಿ ಅಲ್ಲಿ 1,000 ಯೂರೊ ಹಾಕಿದೆ. ತಲಾ 50ರಂತೆ 20 ಸಾಲ, ಎಲ್ಲವೂ ಜರ್ಮನಿಯ ಕಟ್ಟಡಗಳು. ನಾಲ್ಕರಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಇದ್ದಿದ್ದು ಇದರ ಮೇಲೆಯೇ. ಅಡಮಾನ ಇದೆ, ನೂರು ರೂಪಾಯಿ ಬೆಲೆಯ ಆಸ್ತಿಗೆ ಅರವತ್ತೇ ಸಾಲ ಕೊಡುತ್ತಾರೆ, ಸಾಲಗಾರ ಕೈಯೆತ್ತಿದರೆ ಕಟ್ಟಡ ಮಾರಿ ಕೊಡುತ್ತಾರೆ. ಬಂಗಾರ ಇಟ್ಟುಕೊಂಡು ಸಾಲ ಕೊಟ್ಟಷ್ಟೇ ಭದ್ರ ಅಂದುಕೊಂಡೆ.

ಬಂಗಾರವನ್ನು ಮಧ್ಯಾಹ್ನ ತೂಗಿ ಸಂಜೆ ಮಾರಬಹುದು. ಅರ್ಧ ಕಟ್ಟಿ ನಿಂತ ಕಟ್ಟಡವನ್ನು ಹಾಗೆ ಮಾರಲಾಗುವುದಿಲ್ಲ. 2022ರ ಜುಲೈನಿಂದ 2023ರ ಸೆಪ್ಟೆಂಬರ್ ಒಳಗೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಠೇವಣಿ ದರ ಸೊನ್ನೆಗಿಂತ ಕೆಳಗಿದ್ದದ್ದು ಶೇ 4ಕ್ಕೆ ಏರಿತು, ಅದರ ಜೊತೆಗೆ ಬ್ಯಾಂಕ್ ಸಾಲವೂ ದುಬಾರಿಯಾಯಿತು. ನಮ್ಮಂಥವರ ಸಾಲ ತೀರಿಸಲು ಬ್ಯಾಂಕಿನಿಂದ ದೊಡ್ಡ ಸಾಲ ಎತ್ತಬೇಕು ಅಂತಿದ್ದ ಬಿಲ್ಡರ್‌ಗಳಿಗೆ ಆ ದಾರಿ ಮುಚ್ಚಿತು. ಮನೆಗಳ ಬೆಲೆಯೂ ಇಳಿಯಿತು. ನೂರು ಅಂತ ಬರೆದಿದ್ದ ಬೆಲೆ ಎಷ್ಟೋ ಕಡೆ ಕಟ್ಟಡ ಪೂರ್ತಿ ಆದ ಮೇಲಿನ ಅಂದಾಜು. ಹಾಗೆಂದು ಬರೆದಿದ್ದ ವಾಕ್ಯವನ್ನು ನಾನು ಓದಿರಲಿಲ್ಲ.

ನನ್ನ 20ರಲ್ಲಿ 6 ಸಾಲ ನಿಂತುಹೋದವು. ಮೊದಲು 'ತಡವಾಗಿದೆ' ಅಂತ ತೋರಿಸಿದರು. ಮೂರು ತಿಂಗಳಾದ ಮೇಲೆ 'ವಸೂಲಿ ನಡೆಯುತ್ತಿದೆ'. ಆಮೇಲೆ ಪ್ರತಿ ತಿಂಗಳು ಅದೇ ಎರಡು ಸಾಲಿನ ಇಮೇಲ್, ದಿನಾಂಕ ಮಾತ್ರ ಬೇರೆ. ಫೋನ್ ನಂಬರ್ ಇರಲಿಲ್ಲ. ಪತ್ರ ಬರೆದರೆ, ವಕೀಲರು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಉತ್ತರ.

ಜರ್ಮನಿಯಲ್ಲಿ ಕೋರ್ಟ್ ಹರಾಜು ಅಂದರೆ ನಿಧಾನ. ಕೋರ್ಟು ಮೊದಲು ತಜ್ಞರಿಂದ ಬೆಲೆ ಕಟ್ಟಿಸುತ್ತದೆ. ಮೊದಲ ಹರಾಜಿನಲ್ಲಿ ಆ ಬೆಲೆಯ ಅರ್ಧಕ್ಕಿಂತ ಕಡಿಮೆ ಕೂಗಿದರೆ ಕೋರ್ಟು ತಾನಾಗಿಯೇ ತಳ್ಳಿಹಾಕುತ್ತದೆ. ಆಮೇಲೆ ಮತ್ತೊಂದು ದಿನಾಂಕ. ಮಾಲೀಕನ ಪಾಲಿಗೆ ಇದು ನ್ಯಾಯವೇ, ತಪ್ಪು ಅನ್ನುವುದಿಲ್ಲ. ಆದರೆ 50 ಯೂರೊ ಹಾಕಿ ಕಾಯುವವಳಿಗೆ ವರ್ಷಗಳೇ ಕಳೆಯುತ್ತವೆ.

ಇದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಖಾತೆಯ ಮೊದಲ ಪುಟ ನೋಡಿ. ಆರು ಸಾಲ ನಿಂತುಹೋದ ಮೇಲೂ ಅಲ್ಲಿ 'ನಿಮ್ಮ ಸರಾಸರಿ ಬಡ್ಡಿ ಶೇ 10.9' ಅಂತ ಹಸಿರು ಅಕ್ಷರದಲ್ಲಿ ಇತ್ತು. ಅದು ಸಾಲ ಕೊಡುವಾಗ ಬರೆದ ಬಡ್ಡಿ. ಕೈಗೆ ಬಂದ ಬಡ್ಡಿ ಅಲ್ಲ. ಬರದೇ ಇರುವ ಬಡ್ಡಿಯೂ ಅದರಲ್ಲಿ ಸೇರಿತ್ತು. ನಾನು ಒಂದು ಎಕ್ಸೆಲ್ ಶೀಟ್ ಮಾಡಿ, ಬ್ಯಾಂಕಿನಿಂದ ಹೋದದ್ದು, ಬಂದದ್ದು ಮಾತ್ರ ಬರೆದೆ. ಎರಡು ವರ್ಷದಲ್ಲಿ ಬಂದ ಬಡ್ಡಿ 118 ಯೂರೊ. ಸಿಕ್ಕಿಹಾಕಿಕೊಂಡ ಅಸಲು 300 ಯೂರೊ. ಆ 300 ಒಂದು ಸೆಂಟೂ ಬಿಡದೆ ವಾಪಸ್ ಬಂದರೂ ನನಗೆ ಬಿದ್ದದ್ದು ವರ್ಷಕ್ಕೆ ಶೇ 6ರ ಹತ್ತಿರ. ಅಷ್ಟನ್ನು ಗೋ ಆ್ಯಂಡ್ ಗ್ರೋ ತಲೆನೋವಿಲ್ಲದೆ ಕೊಡುತ್ತಿತ್ತು. ದಯವಿಟ್ಟು ಯಾರೇ ಆಗಲಿ, ಪ್ಲಾಟ್‌ಫಾರ್ಮ್ ತೋರಿಸುವ ಶೇಕಡಾ ನಂಬಬೇಡಿ. ಹೋದದ್ದು, ಬಂದದ್ದು ನೀವೇ ಬರೆದಿಟ್ಟುಕೊಳ್ಳಿ.

ಮಾರಿಬಿಡೋಣ ಅಂತಲೂ ನೋಡಿದೆ. ಅಲ್ಲಿನ ಸೆಕೆಂಡರಿ ಮಾರ್ಕೆಟ್‌ನಲ್ಲಿ, ಅಂದರೆ ಹೂಡಿಕೆದಾರರು ತಮ್ಮ ಪಾಲನ್ನು ಒಬ್ಬರಿಗೊಬ್ಬರು ಮಾರುವ ಕಡೆ, ಇಂಥ ಸಾಲಗಳನ್ನು ಅರ್ಧ ಬೆಲೆಗೆ ಇಟ್ಟಿದ್ದರು. ಅಷ್ಟಕ್ಕೂ ಕೊಳ್ಳುವವರಿರಲಿಲ್ಲ.

ಇನ್ನು ಮಿಂಟೋಸ್. ಲಾಟ್ವಿಯಾದ ರಿಗಾದಲ್ಲಿ 2015ರಲ್ಲಿ ಶುರುವಾದದ್ದು. ಎರಡನೇ ಜಾಗ ಇದಕ್ಕೆ. ಇದು ತಾನೇ ಸಾಲ ಕೊಡುವುದಿಲ್ಲ, ಬೇರೆ ಬೇರೆ ದೇಶಗಳ ಸಾಲದ ಕಂಪನಿಗಳು ಕೊಟ್ಟ ಸಾಲವನ್ನು ನಮಗೆ ಮಾರುತ್ತದೆ. 2021ರಲ್ಲಿ ಹೂಡಿಕೆ ಸಂಸ್ಥೆಯ ಪರವಾನಗಿ ಸಿಕ್ಕಿತು, 2022ರಿಂದ ಸಾಲಗಳನ್ನು ಗಂಟು ಕಟ್ಟಿ 'ನೋಟ್ಸ್' ಅಂತ ಕೊಡುತ್ತಾರೆ. 20,000 ಯೂರೊವರೆಗೆ ಪರಿಹಾರ ನಿಧಿ ಇದೆ ಅನ್ನುವುದನ್ನು ತಪ್ಪಾಗಿ ತಿಳಿಯಬೇಡಿ. ಮಿಂಟೋಸ್ ನಮ್ಮ ದುಡ್ಡು, ನೋಟ್ಸ್ ವಾಪಸ್ ಕೊಡಲಾಗದ ಸ್ಥಿತಿಗೆ ಬಂದರೆ ಮಾತ್ರ ಅದು. ಸಾಲ ಮುಳುಗಿದರೆ ಅದು ನಮ್ಮ ನಷ್ಟವೇ. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿನ ಹಲವು ಸಾಲದ ಕಂಪನಿಗಳು ಕೈಯೆತ್ತಿದ್ದವು. ನನಗೆ ಅಲ್ಲಿ ಇಷ್ಟವಾಗುವುದು ಕಂಪನಿಗಳ ಆಯ್ಕೆ ನನ್ನ ಕೈಯಲ್ಲಿರುವುದು. ಒಂದೊಂದು ಕಂಪನಿಗೂ ರಿಸ್ಕ್ ಅಂಕ ಇರುತ್ತದೆ, ಕೂತು ಓದಬೇಕು. ಆದರೆ ನನಗೆ ತಿಂಗಳಿಗೆ ಒಂದು ಭಾನುವಾರದ ಅರ್ಧ ಗಂಟೆ ಮಾತ್ರ ಸಿಗುತ್ತದೆ.

ಪೀರ್‌ಬೆರ್ರಿ 2017ರದ್ದು. 30 ದಿನದ ಚಿಕ್ಕ ಸಾಲಗಳೇ ಜಾಸ್ತಿ. 60 ದಿನ ತಡವಾದರೆ ಸಾಲದ ಕಂಪನಿಯೇ ಅದನ್ನು ಬಡ್ಡಿ ಸಮೇತ ವಾಪಸ್ ಕೊಳ್ಳುತ್ತದೆ. ಅದೇ ಬೈಬ್ಯಾಕ್ ಗ್ಯಾರಂಟಿ. ಆ ಕಂಪನಿಗೆ ಅದರ ತಾಯಿ ಕಂಪನಿ ಜಾಮೀನು. ಕೇಳಲು ಚೆನ್ನಾಗಿದೆ, ಆದರೆ ಇದು ತಮ್ಮನ ಸಾಲಕ್ಕೆ ಅಣ್ಣ ಜಾಮೀನು ನಿಂತ ಹಾಗೆ. ಇಬ್ಬರೂ ನಂಬಿರುವುದು ಒಂದೇ ಹೊಲವಾದರೆ, ಮಳೆ ಕೈಕೊಟ್ಟ ವರ್ಷ ಆ ಜಾಮೀನಿಗೆ ಏನು ಬೆಲೆ? ಪೀರ್‌ಬೆರ್ರಿಯ ವಿಷಯದಲ್ಲಿ ಅಣ್ಣನಿಗೆ ಬೇರೆ ಊರಲ್ಲೂ ಹೊಲ ಇತ್ತು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಆ ಎರಡು ದೇಶಗಳ ಸಾಲದಲ್ಲಿ ಹೂಡಿಕೆದಾರರ ಸುಮಾರು 5 ಕೋಟಿ ಯೂರೊ ಸಿಕ್ಕಿಕೊಂಡಿತ್ತು. ಸಾಲದ ಕಂಪನಿಗಳ ಗುಂಪುಗಳು ಬೇರೆ ದೇಶಗಳ ದುಡಿಮೆಯಿಂದ ಅದನ್ನು ಕಂತು ಕಂತಾಗಿ ತೀರಿಸುತ್ತಾ ಬಂದವು. ಆ ಮಾತು ಉಳಿಸಿಕೊಂಡಿದ್ದಕ್ಕೆ ನನಗೆ ಗೌರವ ಇದೆ.

ಹಾಗಿದ್ದರೂ ಅಲ್ಲಿ ಹೊಸದಾಗಿ ದುಡ್ಡು ಹಾಕುವುದನ್ನು ನಿಲ್ಲಿಸಿದೆ. ಸಂಬಳಕ್ಕೆ ಮುಂಚೆ ಕೈ ಖಾಲಿಯಾದವರು ಒಂದು ತಿಂಗಳಿಗೆ ಅಂತ ತೆಗೆದುಕೊಳ್ಳುವ ಸಾಲ ಅದು, ಅವರು ಕಟ್ಟುವ ಬಡ್ಡಿ ಬಹಳ ಜಾಸ್ತಿ. ನಮ್ಮೂರ ಮಾರ್ಕೆಟ್‌ನಲ್ಲಿ ತರಕಾರಿ ಮಾರುವವರು ಮೀಟರ್ ಬಡ್ಡಿ ಕಟ್ಟುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬೊಂಡೋರಾದ ಸಾಲಗಾರರ ಬಡ್ಡಿಯೂ ಕಡಿಮೆಯೇನಲ್ಲ. ಆದರೆ ಅಲ್ಲಿ ತೀರಿಸಲು ವರ್ಷಗಳ ಅವಧಿ ಇರುತ್ತದೆ. ನನ್ನ ಮನಸ್ಸಿಗೆ ಅದು ಬೇರೆ ಅನ್ನಿಸಿತು. ನಿಮಗೆ ಅನ್ನಿಸದೇ ಇರಬಹುದು.

ಶೇ 15ರ ಮೇಲೆ ಯಾರಾದರೂ ಹೇಳಿದರೆ ನಾನು ಕಿವಿಯೇ ಕೊಡುವುದಿಲ್ಲ. 2020ರ ಜನವರಿಯಲ್ಲಿ, ಅಂಥ ಬಡ್ಡಿಯ ಆಸೆ ತೋರಿಸುತ್ತಿದ್ದ ಎಸ್ಟೋನಿಯಾದ ಕುಯೆಟ್ಜಾಲ್, ಎನ್ವೆಸ್ಟಿಯೊ ಪ್ಲಾಟ್‌ಫಾರ್ಮ್‌ಗಳು ಎರಡೂ ಕೆಲವೇ ದಿನಗಳ ಅಂತರದಲ್ಲಿ ಬಾಗಿಲು ಮುಚ್ಚಿದವು.

ತೆರಿಗೆ ವಿಷಯ ಬೇಗ ಹೇಳುತ್ತೇನೆ. ಜರ್ಮನಿಯ ಬ್ಯಾಂಕು ಬಡ್ಡಿಯ ಮೇಲಿನ ಶೇ 25 ತೆರಿಗೆ ಮತ್ತು ಅದರ ಮೇಲಿನ 'ಸೊಲಿ' ಅನ್ನುವ ಹೆಚ್ಚುವರಿ ತೆರಿಗೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಈ ಹೊರದೇಶದ ಪ್ಲಾಟ್‌ಫಾರ್ಮ್‌ಗಳು ಜರ್ಮನಿಯ ತೆರಿಗೆ ಹಿಡಿಯುವುದಿಲ್ಲ. ತೆರಿಗೆ ಲೆಕ್ಕ ಸಲ್ಲಿಸುವಾಗ ಬಡ್ಡಿಯ ಆದಾಯಕ್ಕೆ ಇರುವ 'ಆನ್‌ಲಾಗೆ ಕಾಪ್' ಫಾರಂನಲ್ಲಿ ನಾವೇ ಬರೆಯಬೇಕು. 2023ರಿಂದ ಒಬ್ಬರಿಗೆ 1,000, ಗಂಡ ಹೆಂಡತಿ ಸೇರಿ ಸಲ್ಲಿಸಿದರೆ 2,000 ಯೂರೊವರೆಗೆ ವಿನಾಯಿತಿ ಇದೆ. ನಮ್ಮದು ಅದರೊಳಗೇ ಮುಗಿಯುತ್ತದೆ.

ಈಗ ಗೋ ಆ್ಯಂಡ್ ಗ್ರೋ. 2018ರಲ್ಲಿ ಬಂದಾಗ ವರ್ಷಕ್ಕೆ ಶೇ 6.75ರವರೆಗೆ ಅಂದಿದ್ದರು, ಆಮೇಲೆ 6ಕ್ಕೆ ಇಳಿಸಿದರು. ಯಾವ ಸಾಲ, ಯಾವ ದೇಶ ಅಂತ ಆರಿಸುವ ಕೆಲಸ ಇಲ್ಲ. ಬಡ್ಡಿ ದಿನಾ ಸೇರುತ್ತದೆ. ಎಷ್ಟೇ ತೆಗೆದರೂ ಶುಲ್ಕ 1 ಯೂರೊ. ಸಾಲಗಾರರಿಂದ ಬರುವ ಬಡ್ಡಿ 6ಕ್ಕಿಂತ ಎಷ್ಟೋ ಜಾಸ್ತಿ. ಆ ನಡುವಿನ ಅಂತರದಲ್ಲೇ ಮುಳುಗಿದ ಸಾಲದ ನಷ್ಟ ತುಂಬಿಸಿಕೊಳ್ಳುತ್ತಾರೆ, ತಮ್ಮ ಪಾಲೂ ಇಟ್ಟುಕೊಳ್ಳುತ್ತಾರೆ. ಆ ರಾತ್ರಿ ಅಲ್ಲಿ ನನ್ನ 2,600 ಯೂರೊ ಇತ್ತು. 2,400 ತೆಗೆಯಲು ಒತ್ತಿದೆ. ಎರಡನೇ ದಿನ ಬ್ಯಾಂಕಿಗೆ ಬಂತು. ಅಮ್ಮನ ಎರಡೂ ಮಂಡಿ ಆಯಿತು, ಈಗ ಬೆಳಿಗ್ಗೆ ಹೂ ಬಿಡಿಸಲು ತಾವೇ ಹೋಗುತ್ತಾರೆ.

ಆದರೆ ಇದನ್ನು ಬ್ಯಾಂಕ್ ಅಂದುಕೊಂಡರೆ ದೊಡ್ಡ ತಪ್ಪು. ಬ್ಯಾಂಕಿನ ಠೇವಣಿಗೆ ಯುರೋಪಿನಲ್ಲಿ 1,00,000 ಯೂರೊವರೆಗೆ ರಕ್ಷಣೆ ಇದೆ, ಇದಕ್ಕೆ ಅಂಥದ್ದೇನೂ ಇಲ್ಲ. 2020ರ ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ದುಡ್ಡು ಕೇಳಿದಾಗ ಬೊಂಡೋರಾ ಪೂರ್ತಿ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟಿತು. ಯಾವಾಗ ಬೇಕಾದರೂ ತೆಗೆಯಬಹುದು ಅನ್ನುವ ಮಾತು ಎಲ್ಲರೂ ಒಟ್ಟಿಗೆ ಕೇಳದಿರುವ ತನಕ ಮಾತ್ರ ನಿಜ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ಇಂಥದ್ದನ್ನೇ ಪಿ2ಪಿ ಕಂಪನಿಗಳಿಗೆ ಬೇಡ ಅಂದಿತು. ಬೇಕೆಂದಾಗ ಹಿಂಪಡೆಯುವ ಹೂಡಿಕೆ ಅಂತ ಇದನ್ನು ಮಾರುವ ಹಾಗಿಲ್ಲ ಅಂತ. ಬೆಂಗಳೂರಿನಲ್ಲಿ ಆ್ಯಪ್‌ಗಳ ಮೂಲಕ ಹಾಕಿದ್ದ ನನ್ನ ಕಸಿನ್‌ಗೆ, ಬೇಕೆಂದಾಗ ದುಡ್ಡು ಸಿಗುವ ಖಾತ್ರಿ ಇಲ್ಲ ಅನ್ನುವುದು ಆಗ ಗೊತ್ತಾಯಿತು.

ಅದಕ್ಕೇ ನಮ್ಮ ಮನೆಯ ಲೆಕ್ಕ ಈಗ ಹೀಗಿದೆ. ನಾಲ್ಕು ತಿಂಗಳ ಖರ್ಚು ಮತ್ತು ಊರಿಗೆ ಹೋಗುವ ಇಬ್ಬರ ಟಿಕೆಟ್ ದುಡ್ಡು ಬ್ಯಾಂಕಿನಲ್ಲೇ, ಬಡ್ಡಿ ಎಷ್ಟು ಕಡಿಮೆ ಇದ್ದರೂ ಸರಿ. ಅದರ ಮೇಲೆ ಉಳಿಯುವುದರಲ್ಲಿ ತಿಂಗಳಿಗೆ 200 ಯೂರೊ ಇದಕ್ಕೆ. 150 ಗೋ ಆ್ಯಂಡ್ ಗ್ರೋಗೆ, 50 ಮಿಂಟೋಸ್‌ಗೆ. ನಿಮಗೆ ವಾರಕ್ಕೊಮ್ಮೆ ಕೂತು ಕಂಪನಿಗಳ ಲೆಕ್ಕಪತ್ರ ಓದುವ ಅಭ್ಯಾಸ ಇದ್ದರೆ ಇದನ್ನು ತಿರುಗಿಸಿ, ಮಿಂಟೋಸ್‌ಗೇ ಜಾಸ್ತಿ ಹಾಕಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ನನಗೆ ಅದು ಆಗುವುದಿಲ್ಲ.

ಅಡಮಾನದ ಆರು ಸಾಲಗಳಲ್ಲಿ ಒಂದು ಮಾತ್ರ ಇಲ್ಲಿಯವರೆಗೆ ಮುಗಿದಿದೆ. 50 ಯೂರೊಗೆ 31 ಬಂತು. ಮಿಕ್ಕ ಐದೂ ಅದೇ ಲೆಕ್ಕದಲ್ಲಿ ಬಂದರೆ, ಬಂದ ಬಡ್ಡಿಯಲ್ಲಿ ಹೋದ ಅಸಲು ಕಳೆದು 1,000 ಯೂರೊ ಮೇಲೆ ನನಗೆ ಉಳಿಯುವುದು 4 ಯೂರೊ. ಎಕ್ಸೆಲ್ ಶೀಟ್‌ನಲ್ಲಿ ಆ ಐದು ಸಾಲಗಳ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.