ಸೋತು ಗೆಲ್ಲೋದಾ, ಹುಡುಕಿ ಗೆಲ್ಲೋದಾ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಒಂದು ತಂಡ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ; ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಬೇಕಂತಲೇ ಸೋತು ಡ್ರಾಫ್ಟ್‌ನಲ್ಲಿ ಮೊದಲ ಸರದಿಗೆ ಕಾಯ್ತೀರಾ, ಇಲ್ಲ ಪ್ರತಿಭೆ ಹುಡುಕ್ತೀರಾ?

ಫಿಲಡೆಲ್ಫಿಯಾ ಸೋಲಿನ ದಾರಿ ಹಿಡಿಯಿತು. 2015-16ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 10. ಈ ದಾರಿಯಲ್ಲಿ ತಾರೆಗಳಾದ ಎಂಬೀಡ್ ಸಿಕ್ಕ, ಸಿಮನ್ಸ್ ಸಿಕ್ಕ. 2017ರಲ್ಲಿ ಮೊದಲ ಸರದಿಯಲ್ಲೇ ಬಂದ ಫುಲ್ಟ್ಸ್‌ಗೆ ಭುಜದ ತೊಂದರೆಯಾಗಿ ಚೆಂಡು ಎಸೆಯುವ ಶೈಲಿಯೇ ಕೆಟ್ಟುಹೋಯಿತು. ಎಂಬೀಡ್-ಸಿಮನ್ಸ್ ಜೋಡಿ ಪ್ಲೇಆಫ್‌ನ ಎರಡನೇ ಸುತ್ತು ದಾಟಲೇ ಇಲ್ಲ.

ಹುಡುಕುವ ದಾರಿಗೆ ಉದಾಹರಣೆ ಡೆನ್ವರ್. ಆ ತಂಡ 2014ರಲ್ಲಿ ಯೋಕಿಚ್‌ನನ್ನು ಆರಿಸಿದ್ದು 41ನೇ ಸರದಿಯಲ್ಲಿ. ಅವನ ಹೆಸರು ಕರೆಯುವ ಹೊತ್ತಿಗೆ ಟಿವಿಯಲ್ಲಿ ಫಾಸ್ಟ್‌ಫುಡ್ ಕಂಪನಿ ಟಾಕೋ ಬೆಲ್‌ನ ಜಾಹೀರಾತು ಓಡ್ತಿತ್ತು! 2023ರಲ್ಲಿ ಅವನಿದ್ದ ಅದೇ ತಂಡ ಚಾಂಪಿಯನ್. ಅದೃಷ್ಟವೂ ಇತ್ತು, ಅಲ್ವಾ? ಆದರೂ ನನ್ನ ಓಟು ಹುಡುಕುವ ದಾರಿಗೇ.

ಯಾಕಂದ್ರೆ 2019ರಲ್ಲಿ ಡ್ರಾಫ್ಟ್‌ನ ಮೊದಲ ಸರದಿಗಳನ್ನು ಅದೃಷ್ಟದ ಮೇಲೆ ಹಂಚುವ ಲಾಟರಿಯ ನಿಯಮ ಬದಲಾಗಿ, ಕೊನೆಯ ತಂಡಕ್ಕೆ ಮೊದಲ ಸರದಿ ಸಿಗುವ ಅವಕಾಶ ಶೇ 25ರಿಂದ 14ಕ್ಕೆ ಇಳಿಯಿತು. 2023-24ರಲ್ಲಿ 68 ಪಂದ್ಯ ಸೋತ ಡೆಟ್ರಾಯ್ಟ್‌ಗೆ ಸಿಕ್ಕಿದ್ದು ಐದನೇ ಸರದಿ.