ಪದ್ಮಿನಿಗೆ ಮೊದಲು ಯಾವುದು: ಸಸ್ಪೆನ್ಷನ್ನೋ, ಕ್ರೌನ್-ಪಿನಿಯನ್ನೋ?

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಚುರುಕಾಗಿಸಲು ಹೊರಟಿದ್ದೀರಿ, ಸಸ್ಪೆನ್ಷನ್, ಕ್ರೌನ್-ಪಿನಿಯನ್ (ಎಂಜಿನ್ ಸುತ್ತನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ) ಎರಡರಲ್ಲಿ ದುಡ್ಡು ಒಂದಕ್ಕೇ ಸಾಲುತ್ತದೆ ಎಂದಾದರೆ, ಕಾಸರಗೋಡಿನ ರಸ್ತೆಗೆ ಮೊದಲು ಸಸ್ಪೆನ್ಷನ್ನನ್ನೇ ಮಾಡಿಸಿ.

ಕಡಲ ಗಾಳಿಗೆ ಹಿಂದಿನ ಸ್ಪ್ರಿಂಗಿನ ಉಕ್ಕಿನ ಪ್ಲೇಟುಗಳ ನಡುವೆ ತುಕ್ಕು ಕಚ್ಚಿ, ಇಡೀ ಕಟ್ಟು ಮರದ ಕೊರಡಿನಂತೆ ಸೆಟೆದಿರುತ್ತದೆ. ತಿರುವಿನಲ್ಲಿ ಗುಂಡಿ ಸಿಕ್ಕಾಗ ಹಿಂಭಾಗ ಪಕ್ಕಕ್ಕೆ ಜಿಗಿಯುವುದು ಇದರಿಂದಲೇ. ಪ್ಲೇಟು ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ; ಬುಷ್ (ಸ್ಪ್ರಿಂಗಿನ ತುದಿಯ ರಬ್ಬರ್ ಕೊಳವೆ), ಶಾಕ್ ಅಬ್ಸಾರ್ಬರ್ ಹೊಸದು ಹಾಕಿ. ಕಾರು ಜಾಕಿಯ ಮೇಲಿರುವಾಗ ಬುಷ್ ಬೋಲ್ಟಿಗೆ ಕೊನೆಯ ಬಿಗಿ ಕೊಡಬೇಡಿ. ಕೊಟ್ಟರೆ, ಚಕ್ರ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹೆಚ್ಚುವರಿ ಪ್ಲೇಟಂತೂ ಬೇಡವೇ ಬೇಡ, ಖಾಲಿ ಕಾರು ಕುಣಿಯುತ್ತದೆ.

ಕ್ರೌನ್-ಪಿನಿಯನ್ ಅನುಪಾತ (ದೊಡ್ಡ ಚಕ್ರವಾದ ಕ್ರೌನ್ ಒಮ್ಮೆ ಸುತ್ತಲು ಚಿಕ್ಕ ಪಿನಿಯನ್ ಎಷ್ಟು ಸುತ್ತಬೇಕೆಂಬ ಲೆಕ್ಕ) 4.3ರಿಂದ 3.9ಕ್ಕೆ ಇಳಿದರೆ, ಅದೇ ವೇಗಕ್ಕೆ ಎಂಜಿನ್ ಸುತ್ತು ಸುಮಾರು ಶೇ. 9 ಕಡಿಮೆ. ಮಂಗಳೂರು ಹೆದ್ದಾರಿಗೆ ಸುಖ. ಎಳೆತವೂ ಅಷ್ಟೇ ತಗ್ಗುವುದರಿಂದ, ಪಾಣತ್ತೂರು ದಾಟಿ ಕರಿಕೆ ಕಡೆಗೆ ಹತ್ತುವಾಗ 1089 ಸಿಸಿ ಎಂಜಿನ್ ಏದುಸಿರು ಬಿಡುತ್ತದೆ. ಬದಲಿಸುವುದಿದ್ದರೆ ಜೋಡಿಯನ್ನೇ ಬದಲಿಸಿ. ಹಳೆ ಪಿನಿಯನ್ನಿಗೆ ಹೊಸ ಕ್ರೌನ್ ಕೂಡಿಸಿದರೆ ಊಳಿಡುವ ಸದ್ದು ನಿಲ್ಲದು. ಮುಚ್ಚುವ ಮೊದಲು ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ನೋಡಿ: ಗುರುತು ಹಲ್ಲಿನ ಮೈಯ ನಟ್ಟನಡುವೆಯೇ ಬೀಳಬೇಕು.