ಜೆ.ಸಿ. ರಸ್ತೆಯ ಹದಿನೈದು ಸಾವಿರದ ಸ್ಟೀರಿಯೊ ಪ್ಯಾಕೇಜ್: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬೇಕು

ಬೆಂಗಳೂರಿನ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ವರೆಗೆ ಜೆ.ಸಿ. ರಸ್ತೆಯಲ್ಲಿ ಹಳೆಯ ಸ್ವಿಫ್ಟ್‌ಗೆ ಸ್ಟೀರಿಯೊ ಕೇಳಿ ನೋಡಿ. ಸಾಮಾನ್ಯವಾಗಿ ಮುಂದಿಡುವ ಪ್ಯಾಕೇಜ್ ಒಂದೇ ಬಗೆಯದು: 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ನಾಲ್ಕು ಬಾಗಿಲಿಗೂ ಸಣ್ಣ-ದೊಡ್ಡ ಸ್ಪೀಕರ್ ಒಂದರಲ್ಲೇ ಕೂಡಿರುವ ಕೋಆಕ್ಸಿಯಲ್ ಸ್ಪೀಕರ್, ಡಿಕ್ಕಿಗೊಂದು ಬಾಸ್ ಟ್ಯೂಬ್ (ಕೊಳವೆಯಾಕಾರದ ಬಾಸ್ ಸ್ಪೀಕರ್), ಜೊತೆಗೆ ರಿವರ್ಸ್ ಕ್ಯಾಮೆರಾ. ಚೌಕಾಸಿ ಮುಗಿದಾಗ ಬೆಲೆ ಸುಮಾರು ₹15,000ಕ್ಕೆ ನಿಲ್ಲುತ್ತದೆ. ಹಾಡು ಕೇಳುವುದಕ್ಕೇ ಈ ಖರ್ಚು ಮಾಡುವವರಿಗೆ ಈ ಪ್ಯಾಕೇಜ್ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಇದರಲ್ಲಿ ಮುಕ್ಕಾಲು ದುಡ್ಡು ಕಣ್ಣಿಗೆ ಹೋಗುತ್ತದೆ, ಕಿವಿಗೆ ಉಳಿಯುವುದು ಕಾಲುಭಾಗ. ಅದೇ ಹಣವನ್ನು ಮುಂದಿನ ಎರಡು ಬಾಗಿಲಿಗೆ ಸುರಿದರೆ ಬೇರೆಯೇ ಕಾರು ಅನ್ನಿಸುವಷ್ಟು ವ್ಯತ್ಯಾಸ ಕೇಳುತ್ತದೆ.

ಮೊದಲು ಸ್ಟೀರಿಯೊ. ಡಬ್ಬಿಯ ಮೇಲೆ 50 ವಾಟ್ × 4 ಎಂದಿರುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಅದರ ವರ್ಗವನ್ನು ಸ್ಪೀಕರ್‌ನ ರೋಧವಾದ 4 ಓಮ್‌ನಿಂದ ಭಾಗಿಸಿದರೆ 51.8 ಬರುತ್ತದೆ. 50ರ ಲೆಕ್ಕ ಹುಟ್ಟುವುದು ಇಲ್ಲಿ, ಅದೂ ದನಿ ಪೂರ್ತಿ ಒಡೆದು ಚೌಕವಾದ ಅಲೆಗೆ. ಸಂಗೀತದಂಥ ಅಲೆಗೆ ಇದರ ಅರ್ಧ, ಅಂದರೆ 26 ವಾಟ್ ಸೈದ್ಧಾಂತಿಕ ಮಿತಿ. ಕೇಳಲು ಹಿತವಾಗಿರುವಂತೆ ಸಿಗುವುದು ಇನ್ನೂ ಕಡಿಮೆ. ಸೆಟ್‌ನ ಹಿಂದೆ ಇರುವ 10 ಆಂಪಿಯರ್ ಫ್ಯೂಸೂ ಇದನ್ನೇ ಹೇಳುತ್ತದೆ: 10ನ್ನು 14.4ರಿಂದ ಗುಣಿಸಿದರೆ 144 ವಾಟ್, 200 ವಾಟ್ ಹೊರಗೆ ಕೊಡಲು ಒಳಗೆ ಬರುವುದೇ ಅಷ್ಟಿಲ್ಲ. ಆಂಡ್ರಾಯ್ಡ್ ಸೆಟ್‌ಗಳಲ್ಲಿ 'ಟಿಡಿಎ 7388 ಬದಲು 7850 ಆಂಪ್ಲಿಫೈಯರ್ ಚಿಪ್ ಇದೆ' ಎಂದು ಹೆಚ್ಚು ಬೆಲೆ ಕೇಳುತ್ತಾರೆ. ಶಕ್ತಿಯ ಲೆಕ್ಕದಲ್ಲಿ, ದನಿ ತುಸು ಒಡೆಯಲು ಬಿಟ್ಟರೂ, ಅದು 26 ವಾಟ್ ಮತ್ತು 30 ವಾಟ್‌ಗಳ ನಡುವಿನ ವ್ಯತ್ಯಾಸ, ಒಂದು ಡೆಸಿಬೆಲ್‌ಗಿಂತ ಕಡಿಮೆ. ಬರೀ ಜೋರಿಗಾಗಿ ಆ ದುಡ್ಡು ಕೊಡಬೇಡಿ. ಹೆಸರುವಾಸಿ ಕಂಪನಿಯ, ಸಿ.ಡಿ. ಇಲ್ಲದ, ಬ್ಲೂಟೂತ್ ಇರುವ ಸಿಂಗಲ್ ಡಿನ್ (ದೊಡ್ಡ ಸ್ಕ್ರೀನಿಲ್ಲದ ಸಣ್ಣ ಅಳತೆಯ) ಸೆಟ್ ಅಂದಾಜು ₹5,000ಕ್ಕೆ ಸಿಗುತ್ತದೆ. ಕೊಳ್ಳುವ ಮುನ್ನ ಮೆನುವಿನಲ್ಲಿ ಕೆಳಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಇದೆಯೇ, ಹಿಂದೆ ಕನಿಷ್ಠ ಒಂದು ಜೊತೆ ಪ್ರೀಔಟ್ (ಬಿಡಿ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯೇ ನೋಡಿ. ಇವೆರಡೂ ಇಲ್ಲದ ಸೆಟ್ ಎಷ್ಟೇ ಅಗ್ಗವಾದರೂ ಬೇಡ. ಮ್ಯಾಪಿಗೆ ಫೋನು ಸಾಕು.

ಇನ್ನು ಸ್ಪೀಕರ್. ಸ್ವಿಫ್ಟ್‌ನ ಮುಂದಿನ ಬಾಗಿಲಿಗೆ ಆರೂವರೆ ಇಂಚು ಕೂರುತ್ತದೆ. ₹5,000 ಆಸುಪಾಸಿನ ಕಾಂಪೊನೆಂಟ್ ಜೋಡಿ, ಅಂದರೆ ಟ್ವೀಟರ್ (ಮೇಲುಸ್ವರದ ಪುಟ್ಟ ಸ್ಪೀಕರ್) ಬೇರೆಯಾಗಿರುವುದನ್ನು ತೆಗೆದುಕೊಳ್ಳಿ. ಕೋಆಕ್ಸಿಯಲ್‌ನಲ್ಲಿ ಟ್ವೀಟರ್ ಮೊಣಕಾಲ ಹತ್ತಿರ ಉಳಿಯುತ್ತದೆ, ಹಾಡುವವರ ದನಿ ಅಲ್ಲಿಂದಲೇ ಬಂದಂತೆ ಕೇಳುತ್ತದೆ. ಕನ್ನಡಿಯ ಒಳಮೂಲೆಯ ತ್ರಿಕೋನದಲ್ಲಿ ಟ್ವೀಟರ್ ಕೂರಿಸಿದರೆ ದನಿ ಡ್ಯಾಶ್‌ಬೋರ್ಡಿನ ಮಟ್ಟಕ್ಕೆ ಏಳುತ್ತದೆ. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮಾತ್ರ ಮುಂಗಾಜಿನ ಪಕ್ಕದ ಕಂಬದ ಹೊದಿಕೆಗೆ ಕೈ ಹಾಕಿಸಬೇಡಿ.

ಸ್ಪೀಕರ್ ಡಬ್ಬಿಯಲ್ಲಿ ದಪ್ಪಕ್ಷರದ 350 ವಾಟ್ ಬಿಟ್ಟು ಸಣ್ಣಕ್ಷರದ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಜೋರು ಎಂಬ ಅಂಕಿ ಓದಿ. 3 ಡೆಸಿಬೆಲ್ ಅಂದರೆ ಎರಡರಷ್ಟು ಶಕ್ತಿ. 90 ಡೆಸಿಬೆಲ್ ಸ್ಪೀಕರ್ 20 ವಾಟ್‌ನಲ್ಲಿ ಕೊಡುವ ಜೋರನ್ನು 87ರದ್ದು 40 ವಾಟ್ ತಿಂದು ಕೊಡುತ್ತದೆ. ನಿಮ್ಮ ಸ್ಟೀರಿಯೊದಲ್ಲಿ 40 ಇಲ್ಲವೇ ಇಲ್ಲ. ಹಾಗಾಗಿ ಬಿಡಿ ಆಂಪ್ಲಿಫೈಯರ್ ಇಲ್ಲದ ಕಾರಿಗೆ ದುಬಾರಿ, ಭಾರದ ಸ್ಪೀಕರ್‌ಗಿಂತ ಹೆಚ್ಚು ಸೆನ್ಸಿಟಿವಿಟಿಯ ಹಗುರ ಸ್ಪೀಕರೇ ಮೇಲು. ಹಿಂದಿನ ಬಾಗಿಲಲ್ಲಿ ಕಂಪನಿಯ ಸ್ಪೀಕರ್ ಇದ್ದರೆ ಹಾಗೇ ಇರಲಿ.

ಈಗ ನಿಜವಾದ ಕೆಲಸ, ಬಾಗಿಲು. ಪ್ಯಾಕೇಜಿನಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಹಳೆಯ ಸ್ಪೀಕರ್ ಬಿಚ್ಚಿ, ಹೊಸದನ್ನು ತಗಡಿಗೆ ನೇರ ಬಿಗಿದು, ಬಾಗಿಲ ಒಳಹೊದಿಕೆಯಾದ ಪ್ಯಾಡ್ ಮುಚ್ಚಿಬಿಡುತ್ತಾರೆ. ಆಗ ಸ್ಪೀಕರ್‌ನ ಅದುರುವ ಕೋನಿನ ಹಿಂಬದಿಯ ಗಾಳಿ ತೂತುಗಳಿಂದ ಮುಂದೆ ಬಂದು ಮುಂಬದಿಯ ಬಾಸನ್ನು ಅಳಿಸಿಹಾಕುತ್ತದೆ, ತೆಳು ತಗಡು ತಾನೇ ಬೇರೆ ರಾಗ ಹಾಡುತ್ತದೆ. ಸ್ಪೀಕರ್ ಬದಲಾಯಿಸಿದ ಮೇಲೆ ಬಾಸ್ ಕಡಿಮೆಯಾಯಿತು ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಕೇಳಬೇಕಾದ್ದು 2 ಮಿ.ಮೀ. ದಪ್ಪದ, ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ರಬ್ಬರಿನ ಶೀಟು. ಡಾಂಬರಿನ ಶೀಟು ಅಗ್ಗ, ಆದರೆ ಬಿಸಿಲಿಗೆ ವಾಸನೆ ಬರುತ್ತದೆ, ಸೆಕೆಗೆ ಸಡಿಲವಾಗಿ ಬಾಗಿಲೊಳಗೇ ಬೀಳುತ್ತದೆ. ಹೊರತಗಡಿನ ಒಳಮೈಯನ್ನು ಧೂಳು, ಎಣ್ಣೆ ಹೋಗುವಂತೆ ಒರೆಸಿ, ಸ್ಪೀಕರ್ ಹಿಂಭಾಗದಿಂದ ಶುರುಮಾಡಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹಾಕಿದರೆ ಸಾಕು. ರೋಲರ್‌ನಿಂದ ಒತ್ತಬೇಕು, ಬೆರಳಿನಿಂದ ಒತ್ತಿದ್ದು ನಿಲ್ಲುವುದಿಲ್ಲ. ಬೆರಳಗಂಟಿನಿಂದ ತಟ್ಟಿದಾಗ 'ಡಣ್' ಎನ್ನುತ್ತಿದ್ದ ತಗಡು 'ಧಪ್' ಎಂದರೆ ಆಯಿತು. ಬಾಗಿಲ ತಳದ ನೀರು ಹೋಗುವ ಕಿಂಡಿಗಳನ್ನು ಮುಚ್ಚಲೇಬಾರದು. ಮಲೆನಾಡು, ಕರಾವಳಿಯ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದೀತು. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಮತ್ತೆ ಅಂಟಿಸಬೇಕು. ಎರಡು ಬಾಗಿಲ ಶೀಟಿಗೆ ಅಂದಾಜು ₹2,000.

ಸ್ಪೀಕರ್ ಕೂರಿಸುವ ರಿಂಗ್ ಪ್ಲಾಸ್ಟಿಕ್ಕಿನದಿರಲಿ. ಬಣ್ಣ ಬಳಿಯದ ಎಂಡಿಎಫ್ (ಮರದ ಪುಡಿಯ ಹಲಗೆ) ರಿಂಗ್ ಬಾಗಿಲೊಳಗಿನ ತೇವಕ್ಕೆ ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಬಿಗಿಯುವ ಮುನ್ನ ಗಾಜನ್ನು ಪೂರ್ತಿ ಇಳಿಸಿ, ಮ್ಯಾಗ್ನೆಟ್‌ಗೆ ತಾಗುತ್ತದೆಯೇ ನೋಡಬೇಕು. ರಿಂಗ್ ಮತ್ತು ಪ್ಯಾಡ್ ನಡುವೆ ಒಂದು ಸುತ್ತು ಫೋಮ್ ಅಂಟಿಸಿದರೆ ದನಿ ಪ್ಯಾಡಿನ ಹಿಂದೆ ಕಳೆದುಹೋಗದೆ ಹೊರಗೆ ಬರುತ್ತದೆ. ಟ್ವೀಟರ್‌ನ ಕ್ರಾಸೋವರ್ ಡಬ್ಬಿ (ಮೇಲುಸ್ವರ-ಕೆಳಸ್ವರ ಬೇರ್ಪಡಿಸುವುದು) ಬಾಗಿಲೊಳಗೆ ಬೇಡ, ಡ್ಯಾಶ್‌ಬೋರ್ಡ್ ಒಳಗೆ ಒಣಗಿರುವ ಜಾಗದಲ್ಲಿರಲಿ. ಪ್ಯಾಡಿನ ಕ್ಲಿಪ್ ಒಂದೆರಡು ಮುರಿದೇ ಮುರಿಯುತ್ತವೆ. ಹತ್ತು ಹೊಸ ಕ್ಲಿಪ್ ಕೈಯಲ್ಲಿರಲಿ, ಇಲ್ಲದಿದ್ದರೆ ಆಮೇಲೆ ಕಟಕಟ ಸದ್ದು ಹಿಡಿಯಲು ಅಲೆಯಬೇಕು.

ವೈರಿಂಗ್‌ಗೆ ಆ ಕಾರಿನದ್ದೇ ಕಪ್ಲರ್ (ಕಂಪನಿಯ ವೈರಿಗೆ ನೇರ ಸಿಕ್ಕಿಸುವ ಪ್ಲಗ್) ಕೇಳಿ. ವೈರ್ ಕತ್ತರಿಸಿ ಟೇಪ್ ಸುತ್ತಲು ಒಪ್ಪಬೇಡಿ. ಸೆಕೆಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ವಾರಂಟಿ ಇರುವ ಕಾರಾದರೆ ಅದೂ ಹೋದೀತು. ಸ್ಟೀರಿಯೊ ಕಡೆ ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ತ್‌ಗೆ. ಹಳದಿ-ಕೆಂಪು ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಸ್ಟೇಷನ್, ಸೆಟ್ಟಿಂಗ್ ಅಳಿಸಿಹೋಗುತ್ತವೆ. ಎರಡನ್ನೂ ಬ್ಯಾಟರಿಗೇ ಕೊಟ್ಟರೆ ನಿಲ್ಲಿಸಿದ ಕಾರಿನ ಬ್ಯಾಟರಿ ಇಳಿಯುತ್ತದೆ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆಯಿರುವುದು ಮೈನಸ್. ಒಂದು ಸ್ಪೀಕರ್ ತಿರುಗುಮುರುಗಾದರೆ ಬಾಸ್ ಮಾಯ. 1.5 ವೋಲ್ಟ್ ಸೆಲ್ಲನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಆಗುವಂತೆ ಸ್ಪೀಕರ್ ವೈರಿಗೆ ಕ್ಷಣ ಮುಟ್ಟಿಸಿದಾಗ ಎರಡೂ ಬಾಗಿಲ ಕೋನ್ ಹೊರಗೇ ಜಿಗಿಯಬೇಕು. ಟ್ವೀಟರ್‌ಗೆ ಮಾತ್ರ ಈ ಪರೀಕ್ಷೆ ಬೇಡ. ಕಪ್ಲರ್, ಫ್ರೇಮ್, ರಿಂಗ್, ವೈರ್ ಸೇರಿ ₹1,500, ಕೂಲಿ ₹1,500 ಎಂದಿಟ್ಟುಕೊಂಡರೆ ಹದಿನೈದು ಸಾವಿರ ಅಲ್ಲಿಗೆ ಮುಗಿಯಿತು.

ಬಾಸ್ ಟ್ಯೂಬ್ ಇಲ್ಲದಿದ್ದರೆ ಹೇಗೆ ಎನ್ನುವವರಿಗೆ: ಅಗ್ಗದ ಟ್ಯೂಬು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ, ಮೃದಂಗಕ್ಕೂ ಬಾಸ್ ಗಿಟಾರಿಗೂ ವ್ಯತ್ಯಾಸ ತೋರಿಸುವುದಿಲ್ಲ, ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ. ಮುಂದೆ ದುಡ್ಡಾದಾಗ ಸೀಟಿನಡಿ ಕೂರುವ 8 ಇಂಚಿನ ಆಕ್ಟಿವ್ ಸಬ್‌ವೂಫರ್ (ಆಂಪ್ಲಿಫೈಯರ್ ಒಳಗೇ ಇರುವ ಬಾಸ್ ಸ್ಪೀಕರ್) ತನ್ನಿ. ಅದರ ಪವರ್ ವೈರ್ ನೇರ ಬ್ಯಾಟರಿಯಿಂದ ಬರಬೇಕು, ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಸಿಗ್ನಲ್ ವೈರ್ ಕಾರಿನ ಇನ್ನೊಂದು ಬದಿಯಿಂದ ಬರಲಿ. ಅರ್ತ್ ಜಾಗದಲ್ಲಿ ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿಯದಿದ್ದರೆ ಆಕ್ಸಿಲರೇಟರ್ ಜೊತೆಗೆ ಏರುವ ಕುಂಯ್ ಸದ್ದು ಹಾಡಿನೊಳಗೆ ಸೇರುತ್ತದೆ.

ಫಿಟ್ಟಿಂಗ್ ಆದಮೇಲೆ ಬಾಸ್ ಬೂಸ್ಟ್ ಆಫ್ ಮಾಡಿ. 6 ಡೆಸಿಬೆಲ್ ಬೂಸ್ಟ್ ಅಂದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ, ಇಷ್ಟು ಸಣ್ಣ ಆಂಪ್ಲಿಫೈಯರ್ ಅಲ್ಲೇ ಒಡೆಯುತ್ತದೆ. ಹೈಪಾಸ್ 80 ಹರ್ಟ್ಸ್‌ಗೆ ಇಡಿ, ಬಾಗಿಲಿನ ಸ್ಪೀಕರ್ ತನ್ನಿಂದಾಗದ ಕೆಳಸ್ವರಕ್ಕೆ ಹೆಣಗುವುದು ನಿಲ್ಲುತ್ತದೆ, ದನಿ ತಿಳಿಯಾಗುತ್ತದೆ. ದನಿಯನ್ನು ಮುಂದೆ-ಹಿಂದೆ ಹಂಚುವ ಫೇಡರನ್ನು ಎರಡು ಮೂರು ಹಂತ ಮುಂದಕ್ಕೆ ತನ್ನಿ. ಟ್ವೀಟರ್ ಚುಚ್ಚಿದರೆ ಕ್ರಾಸೋವರ್‌ನಲ್ಲಿ ಮೈನಸ್ 3 ಡೆಸಿಬೆಲ್ ಆಯ್ಕೆ ಇದೆಯೇ ನೋಡಿ.

ದುಡ್ಡು ಕೊಡುವ ಮುನ್ನ ಬ್ಯಾಲೆನ್ಸ್, ಫೇಡರ್ ತಿರುಗಿಸಿ ಒಂದೊಂದೇ ಮೂಲೆಯನ್ನು ಬೇರೆಯಾಗಿ ಕೇಳಿ. ಕೀಲಿ ತೆಗೆದು ಹಾಕಿ, ಸ್ಟೇಷನ್‌ಗಳು ಉಳಿದಿವೆಯೇ ನೋಡಿ. ನಾಲ್ಕೂ ಗಾಜು ಇಳಿಸಿ ಏರಿಸಿ. ದೊಡ್ಡ ಬ್ರ್ಯಾಂಡ್‌ಗಳ ನಕಲಿಗಳೂ ಮಾರುಕಟ್ಟೆಯಲ್ಲಿರುವುದರಿಂದ ಮಾಡೆಲ್, ಸೀರಿಯಲ್ ನಂಬರ್ ಬರೆದ ಜಿ.ಎಸ್.ಟಿ. ಬಿಲ್ ಇಲ್ಲದೆ ಅಂಗಡಿ ಬಿಡಬೇಡಿ. ಬಿಚ್ಚಿದ ಹಳೆಯ ಸ್ಪೀಕರ್‌ಗಳನ್ನು ಕೇಳಿ ತನ್ನಿ, ಕಾರು ಮಾರುವಾಗ ಬೇಕಾಗುತ್ತವೆ. ಮೊದಲ ಮಳೆಯ ಮರುದಿನ ಮುಂದಿನ ಮ್ಯಾಟ್ ಎತ್ತಿ ಕೈಯಾಡಿಸಿ. ಒದ್ದೆಯಾಗಿದ್ದರೆ ಬಾಗಿಲ ಪ್ಲಾಸ್ಟಿಕ್ ಹಾಳೆ ಸರಿಯಾಗಿ ಅಂಟಿಲ್ಲ, ಅದೇ ವಾರ ಹೋಗಿ ಮತ್ತೆ ಅಂಟಿಸಿಕೊಳ್ಳಿ.